ಭಾನುವಾರ ತಂದದ್ದು, ಬುಧವಾರ ಬಕೆಟ್ಟಿಗೆ: ಒಂದು ಮನೆಯ ತರಕಾರಿ ಲೆಕ್ಕ

ಜೂನ್ ಕೊನೆಯ ಒಂದು ಬುಧವಾರ ರಾತ್ರಿ ಅಕ್ಕನ ಫೋನು. "ಕ್ಯಾರೆಟ್ ಪಲ್ಯ ಕಹಿ ಬರ್ತಿದೆ ಕಣೇ. ಇದು ಮೂರನೇ ಸಲ. ನಿಮ್ಮ ಭಾವ ನಾನೇ ಮೆಂತ್ಯ ಜಾಸ್ತಿ ಹಾಕಿದೀನಿ ಅಂತಾರೆ. ಕ್ಯಾರೆಟ್ಟಿಗೂ ಏನಾದರೂ ಔಷಧಿ ಹೊಡೀತಾರಾ?"

"ಸೇಬು ಎಲ್ಲಿ ಇಡ್ತೀಯ?" ಅಂತ ಕೇಳಿದೆ.

"ಸೇಬು? ಕೆಳಗಿನ ಟ್ರೇನಲ್ಲಿ. ಕ್ಯಾರೆಟ್ ಜೊತೆ."

ಉತ್ತರ ಅಲ್ಲೇ ಇತ್ತು. ಸೇಬು ಕಿತ್ತ ಮೇಲೂ ಎಥಿಲೀನ್ ಅನ್ನುವ ಅನಿಲ ಬಿಡುತ್ತಲೇ ಇರುತ್ತದೆ. ಮುಚ್ಚಿದ ಟ್ರೇ ಒಳಗೆ ಅದು ಹೊರಗೆ ಹೋಗಲು ದಾರಿಯಿಲ್ಲ. ಕ್ಯಾರೆಟ್ಟಿಗೆ ಆ ಅನಿಲ ದಿನಗಟ್ಟಲೆ ತಾಗಿದರೆ ತನ್ನೊಳಗೆ ಐಸೊಕೂಮರಿನ್ ಅನ್ನುವ ಕಹಿ ಪದಾರ್ಥ ಕೂಡಿಸಿಕೊಳ್ಳುತ್ತದೆ, ಸಿಪ್ಪೆಯ ಕಡೆ ಹೆಚ್ಚಾಗಿ. ಔಷಧಿಯೂ ಇಲ್ಲ, ಮೆಂತ್ಯವೂ ಇಲ್ಲ. ಸೇಬನ್ನು ಬೇರೆ ಡಬ್ಬಕ್ಕೆ ಹಾಕಿ ಮೇಲಿನ ತಟ್ಟೆಗೆ ಸಾಗಿಸು ಅಂದೆ. ಮುಂದಿನ ವಾರದ ಕ್ಯಾರೆಟ್ ಸಿಹಿಯಾಗಿತ್ತು.

ನಾನು ತೋಟಗಾರಿಕೆ ಓದಿದವಳು. ಮನೆಯಲ್ಲಿ ಇಷ್ಟು ದಿನ ಆ ಓದಿಗೆ ಹೂಕುಂಡದಾಚೆ ಬೆಲೆ ಇರಲಿಲ್ಲ. ಕ್ಯಾರೆಟ್ ಸರಿಹೋದ ಮೇಲೆ ಅಕ್ಕನಿಗೆ ನಂಬಿಕೆ ಬಂತು. "ಬಂದು ನಮ್ಮ ಫ್ರಿಜ್ಜು ಒಂದ್ಸಲ ನೋಡಿ ಹೋಗು, ವಾರಾ ವಾರಾ ಅರ್ಧ ತರಕಾರಿ ಬಕೆಟ್ಟಿಗೆ ಹೋಗ್ತಿದೆ" ಅಂದಳು. ಅಲ್ಲಿಂದ ನವೆಂಬರ್‌ವರೆಗೆ ಆ ಮನೆಯಲ್ಲಿ ನಾವು ಏನೇನು ಬದಲಿಸಿದೆವು, ಅದರಲ್ಲಿ ಯಾವುದು ನಡೆಯಿತು, ಯಾವುದು ಕೆಟ್ಟಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮನೆ ಬೆಂಗಳೂರಿನ ವಿಜಯನಗರದಲ್ಲಿ, ಎರಡನೇ ಮಹಡಿ. ಅಕ್ಕ ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗ ಹತ್ತನೇ ಕ್ಲಾಸು, ಜೊತೆಗೆ ಪುತ್ತೂರು ಕಡೆಯಿಂದ ಬಂದಿರುವ ಭಾವನ ಅಮ್ಮ. ಅಕ್ಕನ ಹಾಗೆ ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು. ಭಾನುವಾರ ಬೆಳಿಗ್ಗೆ ಭಾವ ಎರಡು ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗುತ್ತಾರೆ, ವಾರಕ್ಕಾಗುವಷ್ಟು ತರುತ್ತಾರೆ. ತಂದದ್ದೆಲ್ಲ ತಂದ ಕವರ್ ಸಮೇತ, ಹಾಕಿದ ಗಂಟು ಹಾಕಿದ ಹಾಗೆಯೇ, ಫ್ರಿಜ್ಜಿನೊಳಗೆ ತುರುಕಿ ಬಾಗಿಲು ಹಾಕಿದರೆ ಭಾನುವಾರದ ಕೆಲಸ ಮುಗಿಯಿತು. ಪ್ಲಾಸ್ಟಿಕ್ ಕೈಚೀಲಕ್ಕೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ. ಮಾರ್ಕೆಟ್ಟಿನಲ್ಲಿ ಆ ಸುದ್ದಿ ಇನ್ನೂ ಯಾರಿಗೂ ಮುಟ್ಟಿದ ಹಾಗಿಲ್ಲ.

ಮೊದಲ ಎರಡು ವಾರ ಏನನ್ನೂ ಬದಲಿಸಬೇಡ, ಬರಿ ಬರೆದಿಡು ಅಂದೆ. ಎಸೆದದ್ದನ್ನೆಲ್ಲ ಅಕ್ಕ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಳು. ಸಿಪ್ಪೆ, ದಂಟು ಲೆಕ್ಕಕ್ಕಿಲ್ಲ. ತಿನ್ನಬಹುದಾಗಿದ್ದದ್ದು ಕೆಟ್ಟರೆ ಮಾತ್ರ ತಕ್ಕಡಿಗೆ. ಮೊದಲ ವಾರ ತಂದ 11 ಕಿಲೋದಲ್ಲಿ ಎರಡು ಕಿಲೋಗೆ ಹತ್ತಿರ ಹೋಗಿತ್ತು. ಪಟ್ಟಿ ಓದಿದರೆ ಒಂದು ಕ್ರಮ ಕಾಣುತ್ತಿತ್ತು. ಮಂಗಳವಾರ ಕೊತ್ತಂಬರಿ, ಬುಧವಾರ ಪಾಲಕ್ ಮತ್ತು ಸಬ್ಬಸಿಗೆ, ಗುರುವಾರ ಸೌತೆಕಾಯಿ, ಶುಕ್ರವಾರ ಬೀನ್ಸ್, ಶನಿವಾರ ಬದನೆಕಾಯಿ. ಆಲೂಗಡ್ಡೆ, ಈರುಳ್ಳಿ ಯಾವಾಗ ಬೇಕಾದರೂ.

ಫ್ರಿಜ್ಜು ಬಿಚ್ಚಿ ಕೂತದ್ದು ಒಂದು ಶನಿವಾರ. ಎಲ್ಲ ಹೊರಗೆ ತೆಗೆದು ನೆಲದ ಮೇಲೆ ಹರಡಿದೆವು. ಪಾಲಕ್ ಕವರ್ ಬಿಚ್ಚಿದಾಗ ಬಂದ ವಾಸನೆಗೆ ಹುಡುಗ ರೂಮು ಬಿಟ್ಟು ಓಡಿದ. ಕವರಿನ ಒಳಮೈ ತುಂಬ ನೀರಿನ ಹನಿ. ಮೇಲಿನ ಎಲೆ ಹಸಿರಾಗಿಯೇ ಇತ್ತು, ಕವರಿಗೆ ಅಂಟಿದ ಎಲೆಗಳು ಕಪ್ಪು ಲೋಳೆ. ಬೆರಳಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆಯುತ್ತಿತ್ತು.

"ಫ್ರಿಜ್ಜಲ್ಲಿ ಇಟ್ಟೂ ಹೀಗಾದ್ರೆ ಇನ್ನೇನು ಮಾಡೋದು?" ಅಂದಳು ಅಕ್ಕ.

ಕಿತ್ತ ಸೊಪ್ಪು ಸತ್ತಿರುವುದಿಲ್ಲ, ಉಸಿರಾಡುತ್ತಿರುತ್ತದೆ. ಉಸಿರಿನ ಜೊತೆ ನೀರಿನ ಆವಿ ಬರುತ್ತದೆ, ಒಂದಿಷ್ಟು ಬಿಸಿಯೂ ಬರುತ್ತದೆ. ಗಂಟು ಹಾಕಿದ ಕವರಿನಲ್ಲಿ ಆವಿ ಹೊರಗೆ ಹೋಗದೆ ತಣ್ಣನೆ ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗುತ್ತದೆ. ಬಾಗಿಲು ತೆಗೆದು ಹಾಕಿದಾಗೆಲ್ಲ ಇನ್ನಷ್ಟು ಹನಿ. ಸೊಪ್ಪಿನ ಮೇಲೆ ಮೊದಲೇ ಇರುವ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ, ಪೆಕ್ಟೊಬ್ಯಾಕ್ಟೀರಿಯಂ ಅನ್ನುವುದು ಅದರಲ್ಲಿ ಮುಖ್ಯವಾದದ್ದು, ಬೇಕಿರುವುದು ಈ ತೆಳು ನೀರಿನ ಪದರವೇ. ಎಲೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಿಸಿ ಅವು ಲೋಳೆ ಮಾಡುತ್ತವೆ. ಹಾಗಂತ ಸೊಪ್ಪನ್ನು ಬಿಚ್ಚಿ ಬರಿದೇ ಇಟ್ಟರೆ ಫ್ರಿಜ್ಜಿನ ಒಣಗಾಳಿಗೆ ಬಾಡಿಹೋಗುತ್ತದೆ. ಸೊಪ್ಪಿನ ಸುತ್ತ ಗಾಳಿ ತೇವವಾಗಿರಬೇಕು, ಎಲೆಯ ಮೈ ಒಣಗಿರಬೇಕು. ಇವೆರಡೂ ಒಟ್ಟಿಗೆ ಸಿಗಬೇಕಾದರೆ ನಡುವೆ ಬಟ್ಟೆ ಬೇಕು.

ಭಾವನ ಹಳೇ ಪಂಚೆಗೆ ಅವತ್ತು ಗತಿ ಬಂತು. ಹರಿದು ಎಂಟು ತುಂಡು ಮಾಡಿದೆವು. ಸೊಪ್ಪು ತಂದ ಕೂಡಲೆ ಕಟ್ಟು ಬಿಚ್ಚಬೇಕು, ಬಾಳೆನಾರು ಬಿಗಿದ ಜಾಗದಲ್ಲಿ ಜಜ್ಜಿದ ಎಲೆ, ಹಳದಿ ಎಲೆ ತೆಗೆಯಬೇಕು, ಬೇರಿನ ಮಣ್ಣು ಕೊಡವಬೇಕು. ತೊಳೆಯಬಾರದು. ವ್ಯಾಪಾರದವರು ನೀರು ಚಿಮುಕಿಸಿಯೇ ಕೊಡುತ್ತಾರಾದ್ದರಿಂದ ಫ್ಯಾನಿನ ಕೆಳಗೆ ಅರ್ಧ ಗಂಟೆ ಹರಡಬೇಕು. ಆಮೇಲೆ ಒಣಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಅಗಲ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ ಕೆಳಗಿನ ಟ್ರೇಗೆ. ಎರಡು ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಬದಲಿಸುವುದು. ಕೊತ್ತಂಬರಿ ಈ ಮನೆಯಲ್ಲಿ ಮೂರನೇ ದಿನಕ್ಕೆ ಸಾಯುತ್ತಿದ್ದದ್ದು ಹತ್ತು ದಿನ ಬಾಳಿತು. ಕರಿಬೇವು ಇನ್ನೂ ಹೆಚ್ಚು. ಹಸಿಮೆಣಸಿನಕಾಯಿಗೂ ಇದೇ ಉಪಚಾರ, ಜೊತೆಗೆ ತೊಟ್ಟು ಮುರಿಯುವುದು. ಬೂಷ್ಟು ಮೊದಲು ಹಿಡಿಯುವುದು ತೊಟ್ಟಿನ ಬುಡದಲ್ಲೇ.

ತೊಳೆಯದೆ ಇಡುವುದಕ್ಕೆ ಅಕ್ಕ ಒಪ್ಪಲು ಎರಡು ವಾರ ಬೇಕಾಯಿತು. "ಮಣ್ಣು, ಔಷಧಿ ಎಲ್ಲ ಇರತ್ತೆ, ಹಾಗೇ ಒಳಗಿಡೋದಾ?" ಅವಳ ಅಸಹ್ಯ ನನಗೆ ಅರ್ಥವಾಗುತ್ತದೆ. ಆದರೆ ತೊಳೆಯುವುದು ಅಡುಗೆಗೆ ಮುಂಚಿನ ಕೆಲಸ, ಇಡುವುದಕ್ಕೆ ಮುಂಚಿನದಲ್ಲ. ಒಂದು ವಾರ ಹಟ ಮಾಡಿ ಅರ್ಧ ಪಾಲಕ್ ತೊಳೆದಿಟ್ಟಳು, ಅರ್ಧ ಹಾಗೇ ಇಟ್ಟಳು. ತೊಳೆದದ್ದು ಮೂರನೇ ದಿನ ಲೋಳೆಯಾಯಿತು. ಆಮೇಲೆ ಆ ಮಾತು ಎತ್ತಲಿಲ್ಲ.

ಸೌತೆಕಾಯಿ, ಬದನೆಕಾಯಿ, ಬೀನ್ಸಿನ ಕಥೆಯೇ ಬೇರೆ. ಅವುಗಳಿಗೆ ಆಗಿದ್ದದ್ದು ಶೀತದ ಏಟು. ಮುನ್ನೂರು ರೂಪಾಯಿಯೊಳಗೆ ಸಿಗುವ ಸಣ್ಣ ಥರ್ಮಾಮೀಟರ್ ತಂದು ಒಂದೊಂದು ರಾತ್ರಿ ಒಂದೊಂದು ಕಡೆ ಇಟ್ಟೆವು. ಮೇಲಿನ ತಟ್ಟೆಯಲ್ಲಿ ಹಿಂದಿನ ಗೋಡೆಗೆ ಒತ್ತಿದಂತೆ 1 ಡಿಗ್ರಿ, ನಡುವೆ 4, ಬಾಗಿಲಲ್ಲಿ 9. ಏಪ್ರಿಲ್ ಸೆಕೆಗೆ ಯಾರೋ ಗುಂಡಿಯನ್ನು ಕೊನೆವರೆಗೆ ತಿರುಗಿಸಿದ್ದು ಹಾಗೇ ಉಳಿದಿತ್ತು. ತಣ್ಣನೆ ಗಾಳಿ ಬರುವ ತೂತು ಹಿಂದಿನ ಗೋಡೆಯಲ್ಲೇ ಇದೆ, ಸೌತೆಕಾಯಿ ಕವರು ಇದ್ದದ್ದು ಸರಿಯಾಗಿ ಅದರ ಮುಂದೆ.

ಇವೆಲ್ಲ ಬಿಸಿನಾಡಿನ ಮೂಲದ ಬೆಳೆಗಳು, ಚಳಿ ತಡೆಯುವುದಿಲ್ಲ. ಸೌತೆಕಾಯಿ, ಬದನೆಕಾಯಿಗೆ 10ರಿಂದ 12 ಡಿಗ್ರಿ ಹಿತ, ಬೆಂಡೆಗೆ 7ರಿಂದ 10, ಬೀನ್ಸಿಗೆ 5ರಿಂದ 7. ಅದಕ್ಕಿಂತ ಕೆಳಗೆ ಕೆಲವು ದಿನ ಇದ್ದರೆ ಜೀವಕೋಶದ ಪೊರೆಗೆ ಪೆಟ್ಟಾಗುತ್ತದೆ. ಸೌತೆಕಾಯಿ ಮೈಮೇಲೆ ಗುಳಿ ಬಿದ್ದು ನೀರು ಬಿಡುತ್ತದೆ, ಬದನೆಯ ಬೀಜ ಕಪ್ಪಾಗುತ್ತದೆ, ಬೀನ್ಸಿಗೆ ತುಕ್ಕಿನ ಬಣ್ಣದ ಚುಕ್ಕೆ. ಮೋಸ ಏನೆಂದರೆ ಫ್ರಿಜ್ಜಿನೊಳಗೆ ಇರುವಾಗ ಚೆನ್ನಾಗೇ ಕಾಣುತ್ತವೆ. ಹೊರಗೆ ತೆಗೆದು ಒಂದು ದಿನಕ್ಕೆ ಇದ್ದಕ್ಕಿದ್ದ ಹಾಗೆ ಕುಸಿಯುತ್ತವೆ. ಬಾಳೆಹಣ್ಣು ಫ್ರಿಜ್ಜಿನಲ್ಲಿ ಕಪ್ಪಾಗುವುದೂ ಇದೇ ಕಾಯಿಲೆ, ಅದರ ಗೆರೆ ಸುಮಾರು 13 ಡಿಗ್ರಿ.

ಟೊಮೆಟೊ ವಿಷಯದಲ್ಲಿ ಭಾವನ ಜೊತೆ ಸಣ್ಣ ಜಗಳವೇ ಆಯಿತು. ಹಣ್ಣಾದದ್ದನ್ನು ಹೊರಗಿಟ್ಟರೆ ಕೊಳೆಯುತ್ತದೆ ಅನ್ನುವುದು ಅವರ ವಾದ. ಪೂರ್ತಿ ಹಣ್ಣಾದದ್ದಕ್ಕೆ ಅದು ಸರಿಯೇ. ಆದರೆ ಅರೆಗೆಂಪಿನದನ್ನೂ ಒಳಗೆ ತಳ್ಳಿದರೆ ಅದು ಹಣ್ಣಾಗುವುದೂ ನಿಲ್ಲುತ್ತದೆ, ರುಚಿಯೂ ಹೋಗುತ್ತದೆ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವೊಂದು ಟೊಮೆಟೊವನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟು ನೋಡಿತ್ತು. ಪರಿಮಳ ಕೊಡುವ ವಸ್ತುಗಳನ್ನು ತಯಾರಿಸುವ ಜೀನುಗಳೇ ಮಂಕಾಗುತ್ತವೆ, ಹೊರಗೆ ತಂದಿಟ್ಟರೂ ಆ ಪರಿಮಳ ಪೂರ್ತಿ ವಾಪಸ್ಸು ಬರುವುದಿಲ್ಲ ಅನ್ನುವುದು ಅವರಿಗೆ ಕಂಡದ್ದು. ಭಾವನಿಗೆ ಫ್ಲಾರಿಡಾ ಹೇಳಿದರೆ ನಾಟಲಿಲ್ಲ. ಎರಡು ಲೋಟದಲ್ಲಿ ತಿಳಿಸಾರು ಕೊಟ್ಟ ಮೇಲೆ ನಾಟಿತು. ಈಗ ಟೊಮೆಟೊ ಬಿದಿರಿನ ಬುಟ್ಟಿಯಲ್ಲಿ, ತೊಟ್ಟು ಕೆಳಗೆ ಮಾಡಿ, ಒಂದರ ಮೇಲೊಂದು ಬೀಳದ ಹಾಗೆ.

ಅತ್ತೆ ಇಷ್ಟು ದಿನ ಮಾತಾಡಿರಲಿಲ್ಲ, ಮೂಲೆಯಲ್ಲಿ ಕೂತು ಹೂ ಕಟ್ಟುತ್ತ ನೋಡುತ್ತಿದ್ದರು. ಟ್ರೇನಿಂದ ಮಂಗಳೂರು ಸೌತೆ ಹೊರಬಂದಾಗ ತಡೆಯಲಾಗಲಿಲ್ಲ.

"ಎಂತ ಮಾರಾಯ್ತಿ ಇದು! ಸೌತೆಕಾಯಿ ಯಾರಾದರೂ ಫ್ರಿಜ್ಜಲ್ಲಿ ಇಡ್ತಾರಾ? ಊರಲ್ಲಿ ಮಾಡಿಗೆ ನೇತು ಹಾಕಿದರೆ ಮಳೆಗಾಲ ಪೂರ್ತಿ ಬರ್ತದೆ."

"ನೀವು ಹೇಳ್ಲೇ ಇಲ್ವಲ್ಲ ಅತ್ತೆ?" ಅಂದಳು ಅಕ್ಕ.

"ನೀವು ಕೇಳಲೂ ಇಲ್ವಲ್ಲ."

ಕರಾವಳಿಯ ಮನೆಗಳಲ್ಲಿ ಸಾಂಬಾರು ಸೌತೆಯನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಅಡ್ಡಕ್ಕೆ ಸಾಲಾಗಿ ತೂಗಿಬಿಡುತ್ತಾರೆ. ಬೂದುಗುಂಬಳವೂ ಹಾಗೆ. ಪೂರ್ತಿ ಬಲಿತ ಕಾಯಿ, ಗಟ್ಟಿ ಸಿಪ್ಪೆ, ಎಲ್ಲ ಕಡೆಯಿಂದ ಗಾಳಿ. ನೆಲಕ್ಕೆ ಇಟ್ಟರೆ ತಾಗಿದ ಜಾಗದಲ್ಲಿ ಬೆವರಿ ಅಲ್ಲಿಂದ ಕೊಳೆತ ಶುರುವಾಗುತ್ತದೆ, ತೂಗಿದ್ದಕ್ಕೆ ಆ ಜಾಗವೇ ಇಲ್ಲ. ಗಾಯವಿಲ್ಲದ, ತೊಟ್ಟು ಇರುವ ಕಾಯಿಯನ್ನೇ ಆರಿಸಬೇಕು ಅಂತ ಅತ್ತೆ ಖಡಾಖಂಡಿತ ಹೇಳಿದರು. ಬೂದುಗುಂಬಳದ ಮೇಲಿನ ಬೂದಿಯನ್ನು ಒರೆಸಬಾರದಂತೆ. ಆ ಬೂದಿ ಅಸಲಿಗೆ ಮೇಣ, ನೀರು ಆರದಂತೆ ತಡೆಯುವುದು ಅದೇ. ಅತ್ತೆಯ ಮಾತಿಗೆ ನನ್ನ ಪಾಠ ಬರೀ ಟಿಪ್ಪಣಿಯಾಯಿತು. ಯುಟಿಲಿಟಿಯ ಬಟ್ಟೆ ಒಣಹಾಕುವ ಸರಳಿಗೆ ಬಾಳೆನಾರು ಸಿಗದೆ ಸೆಣಬಿನ ಹುರಿಯಲ್ಲಿ ನಾಲ್ಕು ಸೌತೆ ಕಟ್ಟಿದೆವು. ತೆಂಗಿನಕಾಯಿ ಒಡೆದರೆ ಕಣ್ಣಿರುವ ಹೋಳು ಮೊದಲು ಬಳಸಬೇಕು, ಅದು ಬೇಗ ಕೆಡುತ್ತದೆ ಅನ್ನುವುದೂ ಅವರೇ ಹೇಳಿದ್ದು.

ಇಲ್ಲಿ ನನ್ನ ಒಂದು ಸೋಲನ್ನೂ ಬರೆಯಬೇಕು. ಬದನೆ, ಬೀನ್ಸಿಗೆ ಫ್ರಿಜ್ಜು ಅತಿ ತಣ್ಣಗೆ, ಹೊರಗೆ ಅತಿ ಬೆಚ್ಚಗೆ. ನಡುವಿನದೊಂದು ಜಾಗ ಬೇಕಿತ್ತು. ಓದುವಾಗ ಕಲಿತ ಇಟ್ಟಿಗೆಯ ತಂಪುಗೂಡು ನೆನಪಾಯಿತು. 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ್ದು ಅದು: ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ ಏಳೂವರೆ ಸೆಂಟಿಮೀಟರ್ ಸಂದು, ಸಂದಿನಲ್ಲಿ ಮರಳು, ಮರಳಿಗೆ ದಿನಾ ಎರಡು ಹೊತ್ತು ನೀರು. ಕರೆಂಟು ಬೇಡ. ಅದರ ಸಣ್ಣ ರೂಪ ಮಡಕೆಯೊಳಗೆ ಮಡಕೆ. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಊರೂರಿಗೆ ಹಂಚಿ ಹೆಸರಾದದ್ದು ಇದರಿಂದಲೇ. ನಾನೂ ಉತ್ಸಾಹದಲ್ಲಿ ಎರಡು ಮಡಕೆ ತಂದೆ, ನಡುವೆ ಮರಳು ತುಂಬಿದೆ, ಒದ್ದೆ ಗೋಣಿ ಮುಚ್ಚಿದೆ. ಜುಲೈ ತಿಂಗಳು. ಐದನೇ ದಿನಕ್ಕೆ ಒಳಗಿನ ಬದನೆಯ ತೊಟ್ಟಿಗೆ ಬಿಳಿ ಬೂಷ್ಟು, ಗೋಣಿಗೆ ಮುಗ್ಗುಲು ವಾಸನೆ.

ತಪ್ಪು ಮಡಕೆಯದಲ್ಲ, ನನ್ನದು. ನೀರು ಆವಿಯಾದಷ್ಟೇ ತಂಪು, ಗಾಳಿ ಒಣಗಿದ್ದಷ್ಟೇ ಆವಿ. ಮೇ ತಿಂಗಳ ಕಲಬುರಗಿಯಲ್ಲಿ ಗಾಳಿ 42 ಡಿಗ್ರಿ ಇದ್ದು ತೇವಾಂಶ ಶೇಕಡ 20 ಇದ್ದರೆ ಆವಿಯ ತಂಪು ಹೆಚ್ಚೆಂದರೆ 24 ಡಿಗ್ರಿವರೆಗೆ ಇಳಿಸಬಹುದು. ಜುಲೈನ ಬೆಂಗಳೂರಲ್ಲಿ 27 ಡಿಗ್ರಿ, ತೇವಾಂಶ ಶೇಕಡ 78 ಇದ್ದರೂ ಇಳಿಯುವ ತಳ ಅದೇ 24. ಅಲ್ಲಿ 18 ಡಿಗ್ರಿ ಲಾಭ, ಇಲ್ಲಿ ಮೂರು. ಮೂರು ಡಿಗ್ರಿ ತಂಪಿನ ಆಸೆಗೆ ನಾನು ತರಕಾರಿಯನ್ನು ಹಬೆಯಲ್ಲಿ ಕೂರಿಸಿದ್ದೆ. ಏಪ್ರಿಲ್‌ನಲ್ಲಾದರೆ ಬೆಂಗಳೂರಲ್ಲೂ ಉಪಯೋಗವಾದೀತು. ಸದ್ಯಕ್ಕೆ ದೊಡ್ಡ ಮಡಕೆಯಲ್ಲಿ ಅಕ್ಕ ದೊಡ್ಡಪತ್ರೆ ನೆಟ್ಟಿದ್ದಾಳೆ.

ನಡುವಿನ ಜಾಗ ಕೊನೆಗೆ ಸಿಕ್ಕಿದ್ದು ಫ್ರಿಜ್ಜಿನ ಬಾಗಿಲಲ್ಲೇ. 9 ಡಿಗ್ರಿ ಇತ್ತಲ್ಲ, ಅಲ್ಲಿದ್ದ ಸಾಸು, ಜಾಮು ಬಾಟಲಿಗಳನ್ನು ಹಿಂದಿನ ಗೋಡೆಗೆ ಕಳಿಸಿ, ಬಾಗಿಲ ಕೆಳಗಿನ ಗೂಡಿನಲ್ಲಿ ಬದನೆ, ಬೆಂಡೆ, ಸಲಾಡ್ ಸೌತೆಗಳನ್ನು ಪೇಪರಿನಲ್ಲಿ ಸುತ್ತಿ ನಿಲ್ಲಿಸಿದೆವು. ನೋಡಲು ವಿಚಿತ್ರ. ಮನೆಗೆ ಬಂದವರು ನೀರಿನ ಬಾಟಲಿ ಅಂತ ಕೈಹಾಕಿ ಹೀರೇಕಾಯಿ ಎಳೆದದ್ದೂ ಇದೆ.

ಹಣ್ಣಿನ ವಿಷಯ ಬೇಗ ಮುಗಿಯಿತು. ಏಲಕ್ಕಿ ಬಾಳೆ ಚಿಪ್ಪು, ಪಪ್ಪಾಯ, ಸಪೋಟ ಎಲ್ಲ ಎಥಿಲೀನ್ ಬಿಡುವ ಬಳಗ. ಊಟದ ಮೇಜಿಗೆ ಹೋದವು, ತರಕಾರಿಯಿಂದ ದೂರ. ನಿಂಬೆಹಣ್ಣು ಬಿಗಿ ಡಬ್ಬದಲ್ಲಿ ಫ್ರಿಜ್ಜಿಗೆ, ಹೊರಗಿದ್ದರೆ ಗೋಲಿಯ ಹಾಗೆ ಗಟ್ಟಿಯಾಗುತ್ತದೆ. ಮೂಲಂಗಿ, ಬೀಟ್ರೂಟ್ ತಂದ ದಿನವೇ ಸೊಪ್ಪು ಕತ್ತರಿಸುವುದು, ಇಲ್ಲದಿದ್ದರೆ ಎಲೆ ಗೆಡ್ಡೆಯ ನೀರನ್ನೆಲ್ಲ ಎಳೆದು ಆರಿಸಿಬಿಡುತ್ತದೆ.

ಈರುಳ್ಳಿ ಆಲೂಗಡ್ಡೆ ಎರಡೂ ಸಿಂಕಿನ ಕೆಳಗೆ ಒಂದೇ ಬುಟ್ಟಿಯಲ್ಲಿದ್ದವು. ಸಿಂಕಿನ ಕೆಳಗೆ ತೇವ, ಈರುಳ್ಳಿಗೆ ಬೇಕಿರುವುದು ಒಣಗಾಳಿ. ಆಲೂಗಡ್ಡೆಗೆ ಕತ್ತಲೆ ಬೇಕು, ಬೆಳಕು ಬಿದ್ದರೆ ಹಸಿರಾಗಿ ಸೋಲನೈನ್ ವಿಷ ಸೇರುತ್ತದೆ; ಫ್ರಿಜ್ಜಿಗೆ ಹಾಕಿದರೆ ಪಿಷ್ಟ ಸಕ್ಕರೆಯಾಗಿ ಹುರಿದಾಗ ಕಪ್ಪಾಗುತ್ತದೆ. ಆಲೂಗಡ್ಡೆ ಗೋಣಿಚೀಲದಲ್ಲಿ ಅಟ್ಟದ ಕೆಳಗಿನ ಕಪಾಟಿಗೆ, ಈರುಳ್ಳಿ ಜಾಲರಿ ಬುಟ್ಟಿಯಲ್ಲಿ ಯುಟಿಲಿಟಿಗೆ ಹೋದವು. ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಅಕ್ಟೋಬರ್ ಬಂತು. ಚಳ್ಳಕೆರೆ, ಗದಗ ಕಡೆಯ ಹೊಸ ಈರುಳ್ಳಿ ಸಸ್ತಾ ಸಿಕ್ಕಿತು ಅಂತ ಭಾವ ಐದು ಕಿಲೋ ತಂದರು, ಎರಡು ವಾರದಲ್ಲಿ ಕಾಲುಭಾಗ ಕೊಳೆಯಿತು. ಮಳೆಯಲ್ಲಿ ಬೆಳೆದು ಮಳೆಯಲ್ಲೇ ಕಿತ್ತ ಈರುಳ್ಳಿಯಲ್ಲಿ ನೀರು ಹೆಚ್ಚು, ಕತ್ತು ದಪ್ಪ, ಹೊರಸಿಪ್ಪೆ ಒಣಗಿ ಬಿಗಿದಿರುವುದಿಲ್ಲ. ಹಿಂಗಾರಿನಲ್ಲಿ ಬೆಳೆದು ಬೇಸಿಗೆಯಲ್ಲಿ ಒಣಗಿಸಿದ ಈರುಳ್ಳಿ ತಿಂಗಳುಗಟ್ಟಲೆ ಇರುತ್ತದೆ, ಇದು ಇರುವುದಿಲ್ಲ. ಯಾವ ಬುಟ್ಟಿಯೂ ಅದನ್ನು ಉಳಿಸದು. ಕತ್ತು ಹಿಸುಕಿ ನೋಡಿ ಮೆತ್ತಗಿದ್ದರೆ ಒಂದೇ ಕಿಲೋ ತನ್ನಿ ಅಂತ ಭಾವನಿಗೆ ಹೇಳಿಕೊಟ್ಟದ್ದಾಯಿತು.

ಈರುಳ್ಳಿಯ ಕಥೆಗಿಂತ ಮುಂಚೆ, ಆಗಸ್ಟಿನಲ್ಲಿ, ಇಷ್ಟೆಲ್ಲ ಬದಲಿಸಿದ ಮೇಲೂ ಕ್ಯಾಲೆಂಡರ್ ವಾರಕ್ಕೆ ಒಂದು ಕಿಲೋ ತೋರಿಸುತ್ತಿತ್ತು. ಅರ್ಧಕ್ಕೆ ಇಳಿದದ್ದು ನಿಜ, ಅಲ್ಲೇ ನಿಂತಿತ್ತು. ತಾರೀಕುಗಳನ್ನು ಮತ್ತೆ ನೋಡಿದಾಗ ಹೊಳೆಯಿತು: ಕೆಡುತ್ತಿದ್ದದ್ದೆಲ್ಲ ಬುಧವಾರದ ಆಚೆ ಈಚೆ. ಬುಧವಾರ ಅಕ್ಕ ಮನೆಗೆ ಬರುವಾಗ ರಾತ್ರಿ ಎಂಟೂವರೆ, ಅವತ್ತು ಊಟ ಹೊರಗಿನಿಂದ. ಗುರುವಾರ ಅದರಲ್ಲಿ ಉಳಿದದ್ದು. ಸುಲಭಕ್ಕೆ ಆಗುವ ಆಲೂಗಡ್ಡೆ, ಸೀಮೆಬದನೆ ಭಾನುವಾರ ಸೋಮವಾರವೇ ಖರ್ಚಾಗಿ, ಬಿಡಿಸುವ ಕೆಲಸವಿರುವ ಸೊಪ್ಪು ವಾರದ ಕೊನೆಗೆ ಉಳಿಯುತ್ತಿತ್ತು. ಬಾಳಿಕೆ ಇರುವುದನ್ನು ಮೊದಲು ತಿಂದು, ಬಾಳದ್ದನ್ನು ಕಾಪಾಡಲು ಬಟ್ಟೆ ಡಬ್ಬ ಹುಡುಕುತ್ತಿದ್ದೆವು! ನನ್ನ ಓದು ಈ ಪ್ರಶ್ನೆ ಕೇಳಲೇ ಇಲ್ಲ. ಎಷ್ಟು ಡಿಗ್ರಿ ಅಂತ ಕೇಳಿದೆ, ಯಾವ ದಿನ ಅಂತ ಕೇಳಲಿಲ್ಲ.

ಅತ್ತೆ ಪಟ್ಟಿ ಹಾಕಿಕೊಟ್ಟರು. ಭಾನುವಾರ ಮಧ್ಯಾಹ್ನ ಟಿವಿ ಮುಂದೆ ಅವರೇ ಸೊಪ್ಪು ಬಿಡಿಸುವುದು. ಭಾನುವಾರ ರಾತ್ರಿ, ಸೋಮವಾರ ಸೊಪ್ಪಿನ ಅಡುಗೆ. ಮಂಗಳವಾರ ಬೆಂಡೆ, ಬೀನ್ಸ್. ಬುಧವಾರಕ್ಕೆ ಮಂಗಳವಾರವೇ ಹೆಚ್ಚಿಗೆ ಮಾಡಿದ ಹುಳಿ. ಗುರುವಾರ ಬದನೆ, ಕೋಸು. ಶುಕ್ರವಾರ, ಶನಿವಾರ ಗೆಡ್ಡೆ, ಕುಂಬಳ, ಇಲ್ಲವೇ ಸರಳಿನಲ್ಲಿ ತೂಗುವ ಸೌತೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ತಕ್ಕಡಿಯಲ್ಲಿ 400 ಗ್ರಾಂ ದಾಟಿದ ವಾರ ಅಪರೂಪವಾಯಿತು. ಈರುಳ್ಳಿಯ ಆ ಎರಡು ವಾರ ಬಿಟ್ಟರೆ.

ಬಗೆಹರಿಯದೆ ಉಳಿದದ್ದು ಭಾವ. ಹತ್ತು ರೂಪಾಯಿಗೆ ಎರಡು ಕಟ್ಟು ಅಂತ ಯಾರಾದರೂ ಕೂಗಿದರೆ ಅವರ ಕಾಲು ಮುಂದಕ್ಕೆ ಹೋಗುವುದಿಲ್ಲ. ಕಳೆದ ಭಾನುವಾರ ನಾನು ಹೋದಾಗಲೂ ಮೆಂತ್ಯ ಸೊಪ್ಪು ನಾಲ್ಕು ಕಟ್ಟು ಬಂದಿತ್ತು.

"ನಾಲ್ಕು ಯಾಕೆ ತಂದ್ರಿ?" ಅಂತ ಅಕ್ಕ ಒಳಗಿನಿಂದ.

"ಪಂಚೆ ಇನ್ನೊಂದಿದೆ ಬಿಡೇ" ಅಂದರು ಭಾವ. ಅತ್ತೆ ಆಗಲೇ ಮೊರ ಎಳೆದುಕೊಂಡು ಒಂದು ಕಟ್ಟು ಬಿಚ್ಚಿದ್ದರು.